ಗ್ರೆನೆಡಾದಲ್ಲಿ ಒಂದು ದಿನದ ಪ್ಯಾಸೆಂಜರು

ಬಸ್ಸು ಓಡಿಸುವವನನ್ನು ಬೇರೆಯವರ ಬಸ್ಸಿನಲ್ಲಿ ಕೂರಿಸಿದರೆ ಏನಾದರೊಂದು ಆಗಿಯೇ ಆಗುತ್ತದೆ. ನನಗಂತೂ ಪ್ರತಿ ಸಲವೂ ಆಗಿದೆ.

ಟೊರೊಂಟೊದಲ್ಲಿ ನಾನು ಸಿಟಿ ಬಸ್ ಓಡಿಸಲು ಹಿಡಿದು ಇಪ್ಪತ್ತೆರಡು ವರ್ಷವಾಯಿತು. ನನ್ನ ಸೀಟಿನಲ್ಲಿ ನಾನು ಕೂತಿದ್ದರೆ ನನ್ನಷ್ಟು ಸಮಾಧಾನದ ಮನುಷ್ಯ ಇನ್ನೊಬ್ಬನಿಲ್ಲ. ಯಾರು ಬೈದರೂ ಸರಿ, ಯಾರು ಕಾಫಿ ಚೆಲ್ಲಿದರೂ ಸರಿ. ಆದರೆ ಸ್ಟೇರಿಂಗು ಇನ್ನೊಬ್ಬನ ಕೈಯಲ್ಲಿದ್ದು ನಾನು ಹಿಂದೆ ಕೂತೆನೆಂದರೆ ಬಾಯಿ ನನ್ನ ಮಾತು ಕೇಳುವುದಿಲ್ಲ. ನಯಾಗರಾ ಟೂರಿಗೆ ಹೋದಾಗ ಡ್ರೈವರನಿಗೆ ನಾಲ್ಕು ಸಲ ಲೇನಿನ ಬಗ್ಗೆ ಹೇಳಿದೆ. ಐದನೆಯ ಸಲಕ್ಕೆ ಅವನು ಮೈಕು ತೆಗೆದುಕೊಂಡು, ಜಲಪಾತದ ವಿವರವನ್ನೂ ಇನ್ನು ಮುಂದೆ ಮೂರನೇ ಸಾಲಿನ ಮಹನೀಯರೇ ಕೊಡುತ್ತಾರೆ ಎಂದುಬಿಟ್ಟ. ಕ್ವಿಬೆಕ್‌ಗೆ ಹೋದಾಗಿನ ಡ್ರೈವರು ಇನ್ನೂ ಒಳ್ಳೆಯವನು. ತಿಂಡಿಗೆ ನಿಲ್ಲಿಸಿದಲ್ಲಿ ನನ್ನ ಹೆಂಡತಿಯ ಹತ್ತಿರ ಬಂದು, ಇವರು ಬಸ್ಸಿನಲ್ಲಿ ನಿದ್ದೆ ಮಾಡುವ ಅಭ್ಯಾಸ ಇಟ್ಟುಕೊಂಡಿಲ್ಲವೇ ಎಂದು ಮೆಲ್ಲಗೆ ಕೇಳಿದ.

ಕರಾರು

ಜೂನ್ ಬಂದರೆ ನನಗೆ ನಿವೃತ್ತಿ. ಆಮೇಲೆ ವರ್ಷಕ್ಕೆ ಎರಡು ಊರು ನೋಡಬೇಕೆಂದು ನನ್ನವಳು ಅಡುಗೆಮನೆಯ ಗೋಡೆಗೆ ಪ್ರಪಂಚದ ನಕಾಶೆ ಹಚ್ಚಿದ್ದಾಳೆ. ಎಲ್ಲಿಗೆ ಹೋಗಬೇಕೋ ಅಲ್ಲೆಲ್ಲ ಕೆಂಪು ಗುಂಡುಪಿನ್ನು. ನಾನು ಆ ನಕಾಶೆ ನೋಡಿ ಖುಷಿಪಡುತ್ತ ಚಹಾ ಕುಡಿಯುತ್ತಿದ್ದೆ. ಆಗ ಗೊತ್ತಾಯಿತು, ಪಿನ್ನುಗಳೇನೋ ಇವೆ, ಅವುಗಳ ಜೊತೆಗೆ ನಾನು ಇದ್ದೇನೋ ಇಲ್ಲವೋ ಇನ್ನೂ ನಿಶ್ಚಯವಾಗಿಲ್ಲ ಎಂದು.

"ನಿಮ್ಮ ಜೋಡಿ ಟೂರ್ ಅಂದ್ರ ಮಂದಿ ಮುಂದ ತಲಿ ತಗ್ಗಸೂದ ಆಗೇತಿ ನನಗ," ಎಂದಳು. "ಮುಂದಿನ ತಿಂಗಳ ಗ್ರೆನೆಡಾಕ್ಕ ಹೊಂಟೇವಿ. ಅಲ್ಲೆ ಒಂದ ದಿನ ಬಸ್ ಟೂರ್ ಐತಿ. ಆ ಒಂದ ದಿನ ಡ್ರೈವರ್‌ಗ ಒಂದ ಮಾತೂ ಹೇಳಲಾರದ ಪ್ಯಾಸೆಂಜರ್ ಆಗಿ ಕುಂತ್ರ, ಈ ಎಲ್ಲಾ ಊರಿಗೂ ನಿಮ್ಮ ಜೋಡೀನ ಬರ್ತೀನಿ. ಇಲ್ಲಾಂದ್ರ ನಾನೂ ನನ್ನ ತಂಗಿ ಹೋಗ್ತೇವಿ. ನೀವು ಮನ್ಯಾಗ ಇರ್ರಿ, ಡ್ರೈವ್‌ವೇದಾಗಿನ ಸ್ನೋ ತಗೀರಿ."

ಆಕೆಯ ತಂಗಿ ಪಕ್ಕದ ಊರು ಮಿಸ್ಸಿಸಾಗಾದಲ್ಲಿದ್ದಾಳೆ. ಫೋನಿನಲ್ಲಿ ಮೊದಲೇ ಮಾತಾಗಿತ್ತೆಂದು ಕಾಣುತ್ತದೆ. ಹುಬ್ಬಳ್ಳಿಯಿಂದ ಬಂದ ಮೇಲೆ ನಾನು ರಾತ್ರಿ ಪಾಳಿ, ಆಕೆ ಬೆಳಗಿನ ಪಾಳಿ ಎಂದು ಅರ್ಧ ಆಯುಷ್ಯ ಫ್ರಿಜ್ಜಿನ ಮೇಲಿನ ಚೀಟಿಯಲ್ಲೇ ಮಾತಾಡಿದ್ದೇವೆ. ನಿವೃತ್ತಿಯ ಮೇಲೂ ಒಬ್ಬೊಬ್ಬರೇ ಇರಬೇಕೆಂದರೆ ನನಗೆ ಆಗುವ ಮಾತಲ್ಲ.

"ಗುಡ್ ಮಾರ್ನಿಂಗರ ಅನ್ನಬಹುದಿಲ್ಲೊ?" ಎಂದೆ.

"ಅದೊಂದು ಅನ್ರಿ. ಇಳಿಯೂ ಮುಂದ ಥ್ಯಾಂಕ್ಯೂ ಅನ್ರಿ. ನಡುವ ಏನೂ ಇಲ್ಲ."

ಆಕೆ ಎಟೋಬಿಕೋಕ್‌ನ ಒಂದು ಕಾರ್ಖಾನೆಯಲ್ಲಿ ಮಾತ್ರೆ ಡಬ್ಬಿಗಳ ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡುವ ಕೆಲಸದವಳು. ನನ್ನ ಬಾಯಿಯ ಮುಚ್ಚಳವನ್ನೂ ಅಷ್ಟೇ ಗಟ್ಟಿಯಾಗಿ ತಿರುವಿ ಕೂರಿಸಿದಳು.

ಬಲಗಾಲು

ಗ್ರೆನೆಡಾ ಎಂಬುದು ಕೆರಿಬಿಯನ್ ಸಮುದ್ರದಲ್ಲಿರುವ ಒಂದು ಪುಟ್ಟ ದ್ವೀಪ. ಟೊರೊಂಟೊದಲ್ಲಿ ಗಡ್ಡದ ಮೇಲೂ ಹಿಮ ಕೂರುವ ಕಾಲದಲ್ಲಿ ಅಲ್ಲಿ ಇಳಿದರೆ ಕಣ್ಣು ನಂಬುವುದಿಲ್ಲ. ಬೆಟ್ಟ ಹಸಿರು, ಕೊಳ್ಳ ಹಸಿರು, ಮನೆಯ ಗೋಡೆಯ ಮೇಲೂ ಏನೋ ಒಂದು ಬಳ್ಳಿ.

ಬೆಳಿಗ್ಗೆ ಒಂಬತ್ತಕ್ಕೆ ಹೋಟೆಲಿನ ಮುಂದೆ ಬಸ್ಸು ಬಂತು. ಹದಿನೆಂಟು ಸೀಟಿನ ಬಿಳಿ ಬಸ್ಸು. ನಾವು ಒಂಬತ್ತೇ ಜನ. ನಾವಿಬ್ಬರು, ನಮ್ಮ ಟೊರೊಂಟೊ ಕನ್ನಡ ಬಳಗದ, ರಿಚ್ಮಂಡ್ ಹಿಲ್‌ನಲ್ಲಿರುವ ಒಬ್ಬ ಎಂಜಿನಿಯರು, ಅವನ ಹೆಂಡತಿ, ಮೈಸೂರಿನಿಂದ ಬಂದಿದ್ದ ಅವನ ತಾಯಿ, ಮತ್ತೆ ಒಟ್ಟಾವಾದಿಂದ ಬಂದ ನಾಲ್ವರು ವಯಸ್ಸಾದ ಬಿಳಿಯರು. ಡ್ರೈವರೇ ಗೈಡು. ಅರವತ್ತರ ಆಸುಪಾಸಿನ ದ್ವೀಪದ ಮನುಷ್ಯ, ತಲೆಗೆ ಹುಲ್ಲಿನ ಟೊಪ್ಪಿಗೆ, ಮುಖದ ತುಂಬ ನಗು.

"ಗುಡ್ ಮಾರ್ನಿಂಗ್," ಎಂದೆ. ನನ್ನ ಪಾಲಿನ ಅರ್ಧ ಮಾತು ಅಲ್ಲಿಗೆ ಖರ್ಚಾಯಿತು.

ಅಲ್ಲಿ ಗಾಡಿಗಳು ನಮ್ಮ ಹುಬ್ಬಳ್ಳಿಯ ಹಾಗೆ ಎಡಗಡೆ ಹೋಗುತ್ತವೆ. ರಸ್ತೆ ಎಂದರೆ ಬೆಟ್ಟಕ್ಕೆ ಸುತ್ತಿದ ಹಗ್ಗ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಡ್ರೈವರು ಒಂದು ಕೈಯಲ್ಲಿ ಸ್ಟೇರಿಂಗು ಹಿಡಿದು, ಇನ್ನೊಂದು ಕೈಯಲ್ಲಿ ಕೋಕೋ ಗಿಡ ತೋರಿಸುತ್ತ, ತಿರುವಿನಲ್ಲಿ ಹಿಂತಿರುಗಿ ನಮ್ಮ ಮುಖ ನೋಡುತ್ತ ಮಾತಾಡುತ್ತಿದ್ದ. ಎಲ್ಲರೂ ಗಿಡ ನೋಡಿದರು. ನಾನು ರಸ್ತೆ ನೋಡಿದೆ. ಒಂದೊಂದು ತಿರುವಿಗೂ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು, ಪಕ್ಕದಲ್ಲಿ ನನ್ನವಳು ಹುಬ್ಬೇರಿಸುತ್ತಿದ್ದಳು, ಮಾತು ವಾಪಸು ಹೋಗುತ್ತಿತ್ತು. ಬಾಯಿಗೆ ದಾರಿ ಸಿಗದ ಕಾರಣ ಎಲ್ಲ ಕಾಲಿಗೆ ಇಳಿಯಿತು. ಬ್ರೇಕು ಎಲ್ಲಿರಬೇಕೋ ಅಲ್ಲಿ ಬಲಗಾಲನ್ನು ಊರಿ ಒತ್ತಿದೆ. ಕಾಲಿಗೆ ಏನೋ ಮೆತ್ತಗೆ ತಾಗಿತು. ಒತ್ತಿದರೆ ಕರ್ ಎನ್ನುತ್ತಿತ್ತು. ಹಳೆಯ ಬಸ್ಸು, ನೆಲದ ಹಾಸು ಹೀಗೇ ಇರಬೇಕೆಂದುಕೊಂಡೆ. ಒತ್ತಿದಾಗ ಮನಸ್ಸಿಗೂ ಒಂದಿಷ್ಟು ನೆಮ್ಮದಿ ಆಗುತ್ತಿದ್ದದ್ದರಿಂದ ದಾರಿಯುದ್ದಕ್ಕೂ ಒತ್ತುತ್ತ ಹೋದೆ.

ಮೊದಲ ನಿಲುಗಡೆ ಬೆಟ್ಟದ ಮೇಲಿನ ಒಂದು ಕೆರೆ. ಹಿಂದೊಮ್ಮೆ ಜ್ವಾಲಾಮುಖಿಯ ಬಾಯಿ ಆಗಿದ್ದದ್ದಂತೆ, ಈಗ ನೀರು ತುಂಬಿ ತಣ್ಣಗೆ ಕೂತಿದೆ. ಎಲ್ಲರೂ ಇಳಿದು ದಡದಲ್ಲಿ ಕೂತಾಗ ಮೈಸೂರಿನ ಅಮ್ಮ, ಎಲ್ಲರಿಗೂ ಕೋಡುಬಳೆ ಕೊಡುತ್ತೇನೆಂದು ನನ್ನ ಮುಂದಿನ ಸೀಟಿನ ಕೆಳಗಿಟ್ಟಿದ್ದ ಚೀಲ ತರಿಸಿದರು. ರಿಚ್ಮಂಡ್ ಹಿಲ್‌ನಲ್ಲಿ ಎರಡು ದಿನ ಕೂತು ಕರಿದದ್ದು. ಚೀಲ ಬಿಚ್ಚಿ ಒಳಗೆ ಕೈ ಹಾಕಿದರು. ಹಿಡಿ ತುಂಬ ಪುಡಿ ಬಂತು.

"ಇದೇನಪ್ಪಾ, ವಿಮಾನದಲ್ಲೂ ಮುರಿದಿರಲಿಲ್ಲ, ಬಸ್ಸಲ್ಲಿ ಹಿಟ್ಟಾಗಿಬಿಟ್ಟಿದೆ," ಎಂದು ಅವರು ಎಲ್ಲರ ಮುಖ ನೋಡಿದರು.

ನನ್ನವಳು ಮೊದಲು ನನ್ನ ಬೂಟು ನೋಡಿದಳು, ಆಮೇಲೆ ಚೀಲ ನೋಡಿದಳು. ಪರ್ಸಿನಿಂದ ಚಮಚ ತೆಗೆದು ನನ್ನ ಕೈಗೆ ಕೊಟ್ಟಳು.

ಹಾರ್ನು

ಟೊರೊಂಟೊದಲ್ಲಿ ಇಪ್ಪತ್ತೆರಡು ವರ್ಷದಲ್ಲಿ ನಾನು ಹಾರ್ನು ಒತ್ತಿರುವುದು ನಾಲ್ಕು ಸಲ. ಅದರಲ್ಲಿ ಒಂದು ಸಲ ಮೊಣಕೈ ತಾಗಿ ಆದದ್ದು. ಅಲ್ಲಿ ಹಾರ್ನು ಎಂದರೆ ಬೈಗುಳ. ಗ್ರೆನೆಡಾದಲ್ಲಿ ಹಾಗಲ್ಲ, ನಮ್ಮ ಡ್ರೈವರನ ಬೆರಳು ಹಾರ್ನಿನ ಮೇಲಿಂದ ಏಳುತ್ತಲೇ ಇರಲಿಲ್ಲ. ಅದನ್ನು ಕೇಳುತ್ತ ಕೇಳುತ್ತ ನನಗೆ ಹುಬ್ಬಳ್ಳಿಯ ಕೊಪ್ಪೀಕರ ರಸ್ತೆ ನೆನಪಾಯಿತು. ಆದರೆ ಇದು ನಮ್ಮಲ್ಲಿಯ ಹಾಗೆ ಸುಮ್ಮನೆ ಬಾರಿಸುವುದಲ್ಲ, ಇದರಲ್ಲಿ ಏನೋ ಲೆಕ್ಕವಿದೆ ಎಂದು ಸ್ವಲ್ಪ ಹೊತ್ತಿಗೇ ತಿಳಿಯಿತು. ಏನು ಲೆಕ್ಕ ಎಂದು ಕೇಳಲು ಬಾಯಿ ತುರಿಸುತ್ತಿತ್ತು. ನಾನು ಕೇಳುವಂತಿಲ್ಲ.

ಕಡೆಗೆ ಎಂಜಿನಿಯರನ ಕಿವಿಯಲ್ಲಿ ಹೇಳಿ ಅವನಿಂದ ಕೇಳಿಸಿದೆ. ಡ್ರೈವರನಿಗೆ ಖುಷಿಯೋ ಖುಷಿ. ಉದ್ದಕ್ಕೆ ಒಂದು ಹೊಡೆದರೆ ತಿರುವಿನಲ್ಲಿ ನಾನು ಬರುತ್ತಿದ್ದೇನೆ ಎಂದು. ಚಿಕ್ಕದು ಒಂದು ಎಂದರೆ ನಮಸ್ಕಾರ. ಚಿಕ್ಕವು ಎರಡು ಎಂದರೆ ರಸ್ತೆಯಲ್ಲಿ ನಿಂತವರಿಗೆ, ಬರುತ್ತೀರೇನು ಎಂದು ಕೇಳಿದಂತೆ. ಅದು ದಾರಿಯಲ್ಲಿ ಊರವರನ್ನು ಹತ್ತಿಸಿಕೊಳ್ಳುವ ಸರ್ವಿಸ್ ಬಸ್ಸಿನವರು ಹೊಡೆಯುವುದು. ಅಲ್ಲಿಯ ಸರ್ವಿಸ್ ಬಸ್ಸುಗಳೂ ಇಂಥವೇ ಬಿಳಿ ಗಾಡಿಗಳಂತೆ. ಅವುಗಳಲ್ಲಿ ಇಳಿಯಬೇಕೆಂದರೆ ಎಳೆಯುವ ಹಗ್ಗವಿಲ್ಲ, ಒತ್ತುವ ಗುಂಡಿಯಿಲ್ಲ, ಮೇಲಿನ ತಗಡನ್ನು ಎರಡು ಸಲ ತಟ್ಟಿದರೆ ಸಾಕು. ಎಂಜಿನಿಯರು ಎಲ್ಲವನ್ನೂ ಫೋನಿನಲ್ಲಿ ಪಟ್ಟಿ ಮಾಡಿಕೊಂಡ.

ಅಷ್ಟರಲ್ಲಿ ರಸ್ತೆಯ ಪಕ್ಕ ಒಂದು ಹಳದಿ ಮನೆ ಬಂತು. ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ, ಆದರೂ ಡ್ರೈವರು ಐದು ಸಲ ಹೊಡೆದ. ಕಿಟಕಿಯಿಂದ ಒಂದು ಕೈ ಬಂದು ಟವೆಲು ಬೀಸಿತು. ಈ ಐದು ಪಟ್ಟಿಯಲ್ಲಿ ಇಲ್ಲವಲ್ಲ ಎಂದು ಎಂಜಿನಿಯರು ಕೇಳಿದ.

ಅದು ನಮ್ಮ ಅತ್ತೆಯ ಮನೆ ಎಂದ ಡ್ರೈವರು. ಹೊಡೆಯದೆ ಹೋದರೆ ಅತ್ತೆ ಮಗಳಿಗೆ ಫೋನು ಮಾಡುತ್ತಾಳಂತೆ. ಆಮೇಲೆ ಮನೆಗೆ ಹೋದರೆ ಆಗುವ ಸದ್ದಿಗೆ ಹಾರ್ನು ಏನೇನೂ ಅಲ್ಲವಂತೆ.

ತಗಡು

ಮೇಲಿನ ತಗಡು ತಟ್ಟಿದರೆ ಬಸ್ಸು ನಿಲ್ಲುತ್ತದೆ ಎಂಬ ಮಾತನ್ನು ಎಲ್ಲರಿಗಿಂತ ಚೆನ್ನಾಗಿ ಕೇಳಿಸಿಕೊಂಡವರು ಮೈಸೂರಿನ ಅಮ್ಮ. ಕೋಡುಬಳೆಯ ದುಃಖ ಮರೆಯಲು ಅವರಿಗೂ ಏನಾದರೂ ಬೇಕಿತ್ತು. ಕುಳಿತಲ್ಲೇ ಕೈ ಎತ್ತಿ ತಟ್ ತಟ್ ಎನ್ನಿಸಿದರು. ಬಸ್ಸು ನಿಂತಿತು. ಹಲಸಿನಂಥ ಕಾಯಿ ಬಿಡುವ ಜೀಗುಜ್ಜೆಯ ಮರ ನೋಡಬೇಕಿತ್ತಂತೆ. ನೋಡಿದರು. ಇನ್ನೊಂದು ಫರ್ಲಾಂಗು ಹೋಗುವಷ್ಟರಲ್ಲಿ ಮತ್ತೆ ತಟ್ ತಟ್. ಯಾರದೋ ಅಂಗಳದಲ್ಲಿ ಬಿಳಿ ದಾಸವಾಳ. ಆಮೇಲೆ ಹಗ್ಗಕ್ಕೆ ಒಣಹಾಕಿದ್ದ ಶಾಲೆಯ ಸಮವಸ್ತ್ರ. ಆಮೇಲೆ ಕಟ್ಟಿಹಾಕಿದ್ದ ಒಂದು ಮೇಕೆ. ಮೇಕೆಯಲ್ಲಿ ಏನು ವಿಶೇಷ ಎಂದು ಸೊಸೆ ಕೇಳಿದರೆ, ವಿಶೇಷ ಏನೂ ಇಲ್ಲ, ಅದು ನನ್ನನ್ನು ನೋಡಿತು ಎಂದರು.

ಒಟ್ಟಾವಾದ ಹಿರಿಯರಿಗೂ ಇದು ಹಿಡಿಸಿತು. ಅವರೂ ತಟ್ಟತೊಡಗಿದರು. ಡ್ರೈವರು ಬೇಸರವಿಲ್ಲದೆ ನಿಲ್ಲಿಸುತ್ತಿದ್ದ, ಇಳಿದು ತೋರಿಸುತ್ತಿದ್ದ, ಮನೆಯವರನ್ನು ಕರೆದು ಮಾತಾಡಿಸುತ್ತಿದ್ದ. ಸಂಕಟ ನನ್ನೊಬ್ಬನಿಗೇ. ಎರಡು ನಿಮಿಷ ತಡವಾದರೆ ಬಸ್ಸಿನ ರೇಡಿಯೋದಲ್ಲಿ ಹೆಸರು ಕೂಗಿಸಿಕೊಂಡು ಬದುಕಿದವನು ನಾನು. ಟೂರಿನ ಕಾಗದದಲ್ಲಿ ಮಸಾಲೆ ತೋಟಕ್ಕೆ ಹನ್ನೊಂದೂವರೆ ಎಂದು ಬರೆದಿತ್ತು, ಹನ್ನೆರಡೂಕಾಲಾದರೂ ನಾವು ದಾರಿಯಲ್ಲೇ ಇದ್ದೆವು. ಗಡಿಯಾರ ನೋಡಿದೆ, ರಸ್ತೆ ನೋಡಿದೆ, ಮತ್ತೆ ಗಡಿಯಾರ ನೋಡಿದೆ. ನನ್ನವಳು ಕಿವಿಯ ಹತ್ತಿರ ಬಗ್ಗಿದಳು.

"ಮುಂದಿನ ಸ್ಟಾಪಿನ್ಯಾಗ ಯಾರರ ನಿಂತು ಕಾಯಾಕತ್ತಾರೇನು?"

"ಇಲ್ಲ."

"ಹಂಗಾರ ಆ ಗಡಿಯಾರ ಇತ್ಲಾಗ ಕೊಡ್ರಿ."

ಕೊಟ್ಟೆ. ಅದನ್ನು ಪರ್ಸಿಗೆ ಹಾಕಿಕೊಂಡು, ಕೈ ಎತ್ತಿ, ತಗಡನ್ನು ಎರಡು ಸಲ ತಟ್ಟಿದಳು. ಏನು ನೋಡಬೇಕು ಎಂದು ಡ್ರೈವರು ಕೇಳಿದರೆ, ಏನೂ ಇಲ್ಲ, ನಿಲ್ಲುತ್ತದೋ ಇಲ್ಲವೋ ನೋಡಿದೆ ಎಂದಳು.

ವಾಸನೆ

ಮಸಾಲೆ ತೋಟದಲ್ಲಿ ಒಬ್ಬ ಹೆಂಗಸು ನಮ್ಮನ್ನು ಸಾಲಾಗಿ ಬೆಂಚಿನ ಮೇಲೆ ಕೂರಿಸಿ ಕಣ್ಣು ಮುಚ್ಚಿಸಿದಳು. ಅಂಗೈಯಲ್ಲಿ ಒಂದೊಂದೇ ಪದಾರ್ಥ ಇಡುತ್ತಾಳೆ, ಮೂಸಿ ಹೇಳಬೇಕು. ಅಲ್ಲಿಗೆ ಬರುವ ಪ್ರವಾಸಿಗರು ಮೂರಕ್ಕೆ ಒಂದು ಹೇಳಿದರೆ ಹೆಚ್ಚಂತೆ. ನಮ್ಮ ಹೆಂಗಸರು ಕೈಗೆ ಬೀಳುವ ಮೊದಲೇ ಲವಂಗ, ಚಕ್ಕೆ, ಶುಂಠಿ ಎನ್ನತೊಡಗಿದರು. ಆಕೆ ಹಟಕ್ಕೆ ಬಿದ್ದು ಒಂದು ದಪ್ಪ ಎಲೆ ತಂದಿಟ್ಟಳು. ಮೈಸೂರಿನ ಅಮ್ಮ ಮೂಸಿ, ದೊಡ್ಡಪತ್ರೆ, ನಮ್ಮ ಹಿತ್ತಲಲ್ಲಿದೆ, ನೀವು ಇದರಲ್ಲಿ ತಂಬುಳಿ ಮಾಡುವುದಿಲ್ಲವೇ ಎಂದರು. ಮೀನಿಗೆ ಹಾಕುತ್ತೇವೆ ಎಂದಳು ಆಕೆ. ಅಮ್ಮ ಮೀನನ್ನು ಕೇಳಿಸಿಕೊಳ್ಳಲಿಲ್ಲವೆಂಬಂತೆ ತಂಬುಳಿ ಹೇಳಿಕೊಟ್ಟರು. ಆಕೆ ಬರೆದುಕೊಂಡಳು.

ಕಡೆಗೆ ನನ್ನ ಸರದಿ. ಗಂಡಸರಿಗಾದರೂ ತಿಳಿಯಲಿಕ್ಕಿಲ್ಲ ಎಂಬ ಆಸೆಯಿಂದ ನನ್ನ ಅಂಗೈಯಲ್ಲಿ ಏನೋ ಗುಂಡಗಿನದು ಇಟ್ಟಳು. ಕಣ್ಣು ಮುಚ್ಚಿಕೊಂಡು ಗಂಭೀರವಾಗಿ ಮೂಸಿದೆ. ಅನುಮಾನವೇ ಇರಲಿಲ್ಲ.

"ಡೀಸೆಲ್," ಎಂದೆ.

ಬೆಂಚಿಗೆ ಬೆಂಚೇ ಬಿದ್ದು ಬಿದ್ದು ನಕ್ಕಿತು. ಅದು ಜಾಯಿಕಾಯಿ. ನಗದೆ ಇದ್ದವಳು ನನ್ನವಳು ಒಬ್ಬಳೇ. ನನ್ನ ಅಂಗೈ ಹಿಡಿದು ತಿರುಗಿಸಿ ನೋಡಿದಳು, ಮಸಿ. ತಾನೂ ಮೂಸಿದಳು.

"ಪ್ರತಿ ಸ್ಟಾಪಿನ್ಯಾಗ ಕಾಲ ಜಾಡಸ್ತೀನಿ ಅಂತ ಹೋಗಿ ಏನ ಮಾಡಾಕತ್ತಿದ್ರಿ?"

ಸುಳ್ಳು ಹೇಳಿ ಉಪಯೋಗವಿರಲಿಲ್ಲ. ಎಲ್ಲರೂ ಕೆರೆ, ಮರ, ಮೇಕೆ ನೋಡುವಾಗ ನಾನು ಬಸ್ಸನ್ನು ಒಂದು ಸುತ್ತು ಹಾಕಿ ಟೈರು ಒತ್ತಿ, ಕೆಳಗೆ ಬಗ್ಗಿ ಎಣ್ಣೆ ಸೋರುತ್ತಿದೆಯೋ ನೋಡಿ, ಡೀಸೆಲ್ ಮುಚ್ಚಳ ಸಡಿಲವಿದ್ದದ್ದನ್ನು ಬಿಗಿ ಮಾಡಿ ಬರುತ್ತಿದ್ದೆ. ಪ್ರತಿದಿನ ಗಾಡಿ ತೆಗೆಯುವ ಮುಂಚೆ ಮಾಡುವ ಕೆಲಸ ಅದು, ಮಾಡದಿದ್ದರೆ ನನಗೆ ಹಲ್ಲುಜ್ಜದೆ ಕೂತಂತೆ ಆಗುತ್ತದೆ.

"ಡ್ರೈವರ್‌ಗ ಮಾತಾಡಬ್ಯಾಡ ಅಂದಿದ್ದಿ," ಎಂದೆ. "ಬಸ್ಸ ಮುಟ್ಟಬ್ಯಾಡ ಅಂದಿದ್ದಿಲ್ಲ."

ಕರಾರಿನ ಪ್ರಕಾರ ನನ್ನ ಮಾತು ಸರಿಯಿತ್ತು. ಇದೊಂದು ಸಲ ಬಿಡುತ್ತೇನೆ, ಇನ್ನು ಸಂಜೆಯವರೆಗೆ ಏನಾದರೂ ಕಿತಾಪತಿ ಮಾಡಿದರೆ ಆ ನಕಾಶೆಯ ಪಿನ್ನುಗಳೆಲ್ಲ ತಂಗಿಯ ಮನೆಗೆ ಹೋಗುತ್ತವೆ ಎಂದು ಸೋಪಿನ ನೀರಿನಲ್ಲಿ ನನ್ನ ಕೈ ತಿಕ್ಕುತ್ತ ಹೇಳಿದಳು.

ಎರಡು ನಿಮಿಷ

ಕೊನೆಯ ನಿಲುಗಡೆ ಜಲಪಾತ. ರಸ್ತೆಯಿಂದ ಬಹಳಷ್ಟು ಮೆಟ್ಟಿಲು ಇಳಿದು ಹೋಗಬೇಕು. ಡ್ರೈವರುಗಳ ಮೊಣಕಾಲು ನೋವು ನಿಮಗೆ ಗೊತ್ತಿರಬಹುದು. ನಾನು ಬಸ್ಸಿನಲ್ಲೇ ಇರುತ್ತೇನೆಂದು ಕೈಸನ್ನೆ ಮಾಡಿದೆ. ಬಹಳ ಒಳ್ಳೆಯದಾಯಿತು, ನನ್ನ ಗಾಡಿ ನೋಡಿಕೊಳ್ಳಿ ಎಂದ ಡ್ರೈವರು ಎಸಿ ಹಾಕಿ, ಕೀಲಿ ಅಲ್ಲೇ ಬಿಟ್ಟು, ಎಲ್ಲರನ್ನೂ ಕರೆದುಕೊಂಡು ಇಳಿದ. ಟೊರೊಂಟೊದಲ್ಲಿ ಹೀಗೆ ಬಿಟ್ಟರೆ ಆ ದಿನವೇ ಮನೆಗೆ ಕಳಿಸುತ್ತಾರೆ.

ಐದು ನಿಮಿಷ ನನ್ನ ಸೀಟಿನಲ್ಲೇ ಕೂತಿದ್ದೆ, ಆ ಮಾತು ದೇವರಾಣೆಗೂ ನಿಜ. ಆದರೆ ಖಾಲಿ ಬಸ್ಸು, ಖಾಲಿ ಡ್ರೈವರು ಸೀಟು. ಸ್ಟೇರಿಂಗು ಬಲಗಡೆ. ಹುಬ್ಬಳ್ಳಿಯಲ್ಲಿ ಅಪ್ಪನ ಟೆಂಪೊ ಓಡಿಸಿದ ಮೇಲೆ ನಾನು ಬಲಗಡೆಯ ಸ್ಟೇರಿಂಗು ಮುಟ್ಟಿಲ್ಲ. ಹೇಗಿರುತ್ತದೆ, ಸುಮ್ಮನೆ ನೋಡೋಣ ಎನ್ನಿಸಿತು. ಹೋಗಿ ಕೂತೆ. ಕೂತ ಮೇಲೆ ಸೀಟು ಹಿಂದಾಯಿತೆಂದು ಮುಂದೆ ಎಳೆದುಕೊಂಡೆ. ಕನ್ನಡಿ ಸರಿಮಾಡಿದೆ. ಬಿಸಿಲು ಕಣ್ಣಿಗೆ ಬೀಳುತ್ತಿತ್ತು, ಮೇಲಿನ ಮರೆಫಲಕ ಇಳಿಸಿದೆ. ಗಾಜಿಗೆ ಸಿಕ್ಕಿಸಿದ್ದ 'ಟೂರ್' ಎಂಬ ಬೋರ್ಡು ಅದರ ಹಿಂದೆ ಮುಚ್ಚಿಹೋದದ್ದು ನನ್ನ ಗಮನಕ್ಕೆ ಬರಲಿಲ್ಲ. ಇಷ್ಟಾದ ಮೇಲೆ ಆ ಹಾರ್ನಿನ ಸದ್ದು ಒಳಗಿನಿಂದ ಹೇಗೆ ಕೇಳುತ್ತದೆ ಎಂಬ ಕುತೂಹಲ. ಯಾರೂ ಇಲ್ಲವೆಂದು ಮೆಲ್ಲಗೆ ಒತ್ತಿದೆ. ಚೆನ್ನಾಗಿತ್ತು. ಇನ್ನೊಂದು ಸಲ ಒತ್ತಿದೆ.

ಚಿಕ್ಕವು ಎರಡು.

ಮರದ ನೆರಳಿನಿಂದ ಒಬ್ಬ ಮುದುಕಿ ಎದ್ದು ಬಂದಳು. ತಲೆಗೆ ಬಿಳಿ ವಸ್ತ್ರ, ಕೈಯಲ್ಲಿ ಕೆಸುವಿನ ಗಡ್ಡೆಯ ಬುಟ್ಟಿ. ಬಂದು ಬಾಗಿಲ ಮುಂದೆ ನಿಂತಳು. ನೀವೇ ಹೇಳಿ, ಇಪ್ಪತ್ತೆರಡು ವರ್ಷದಿಂದ ಬಾಗಿಲ ಮುಂದೆ ಒಬ್ಬರು ನಿಂತರೆ ಬಾಗಿಲು ತೆರೆದ ಕೈ ಇದು. ನನ್ನನ್ನು ಕೇಳದೆಯೇ ಹೋಗಿ ಸ್ವಿಚ್ಚು ಒತ್ತಿತು. ಬಾಗಿಲು ತೆರೆಯಿತು. ಆಕೆ ಹತ್ತಿ ಗುಡ್ ಆಫ್ಟರ್‌ನೂನ್ ಎಂದಳು. ನಾನೂ ಎಂದೆ. ಆಕೆ ಮೈಸೂರಿನ ಅಮ್ಮನ ಸೀಟಿನಲ್ಲಿ ಕೂತಳು.

ಇದು ಟೂರ್ ಬಸ್ಸು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಶಾಲೆ ಬಿಟ್ಟ ಮೂವರು ಹುಡುಗಿಯರು ಹತ್ತಿದರು. ಅವರ ಹಿಂದೆ ಬಾಳೆಗೊನೆ ಹೊತ್ತ ಒಬ್ಬ. ಅವನ ಹಿಂದೆ ದೊಡ್ಡ ಕೇಕಿನ ಡಬ್ಬಿ ಹಿಡಿದ ಒಬ್ಬಾಕೆ. ಹತ್ತಿದವರೆಲ್ಲ ನಿಂತು ಗುಡ್ ಆಫ್ಟರ್‌ನೂನ್ ಎನ್ನುವವರೇ. ನನ್ನ ರೂಟಿನಲ್ಲಿ ನೂರು ಜನರಿಗೆ ಗುಡ್ ಮಾರ್ನಿಂಗ್ ಎಂದರೆ ಹತ್ತು ಜನ ಕಿವಿಯಿಂದ ಇಯರ್‌ಫೋನು ತೆಗೆಯುತ್ತಾರೆ. ಇಲ್ಲಿ ಒಬ್ಬೊಬ್ಬರೂ ಹೇಳುತ್ತಿದ್ದಾರೆ. ನನಗೆ ಅಷ್ಟು ಸಂತೋಷವಾಯಿತೆಂದರೆ ಇಳಿಯಿರಿ ಎನ್ನಲು ಮನಸ್ಸೇ ಬರಲಿಲ್ಲ. ಪ್ರತಿಯೊಬ್ಬರಿಗೂ ತಿರುಗಿ ಹೇಳುತ್ತ ಕೂತೆ. ಹೀಗೆ ಹೇಳುತ್ತ ಹೇಳುತ್ತ ಹದಿನಾಲ್ಕು ಜನ ಆದರು.

ಸ್ವಲ್ಪ ಹೊತ್ತಾದ ಮೇಲೆ ಹಿಂದಿನಿಂದ ತಗಡು ತಟ್ಟಿದರು. ಯಾವಾಗ ಹೊರಡುತ್ತೀ ಎಂದು ಬಾಳೆಗೊನೆಯವನು ಕೇಳಿದ. ಇಂಥ ಪ್ರಶ್ನೆಗೆ ನನ್ನಲ್ಲಿ ಇರುವುದು ಒಂದೇ ಉತ್ತರ. ಅದೂ ನನ್ನನ್ನು ಕೇಳದೆಯೇ ಹೊರಬಂತು.

"ಟು ಮಿನಿಟ್ಸ್," ಎಂದೆ.

ಆಗಲೇ ಮೆಟ್ಟಿಲು ಹತ್ತಿ ನಮ್ಮವರು ಬಂದರು. ಎಲ್ಲರಿಗಿಂತ ಮುಂದೆ ನನ್ನವಳು. ಬಾಗಿಲ ಮುಂದೆ ನಿಂತಳು. ಹಿಂದಿನವರೆಗೂ ತುಂಬಿದ ಬಸ್ಸು ನೋಡಿದಳು, ಬಾಳೆಗೊನೆ ನೋಡಿದಳು, ಕೇಕು ನೋಡಿದಳು, ಕಡೆಗೆ ಸ್ಟೇರಿಂಗು ಹಿಡಿದ ನನ್ನನ್ನು ನೋಡಿದಳು. ನನ್ನ ಕಣ್ಣ ಮುಂದೆ ನಕಾಶೆಯ ಪಿನ್ನುಗಳು ಒಂದೊಂದಾಗಿ ಉದುರಿದವು.

"ಗುಡ್ ಆಫ್ಟರ್‌ನೂನ್, ಡ್ರೈವರ್," ಎಂದಳು.

ಅವಳ ಹಿಂದೆ ಡ್ರೈವರು ಬಂದ. ಒಳಗಿದ್ದವರೆಲ್ಲ ಅವನೇ ಕಂಡಕ್ಟರೆಂದುಕೊಂಡು ಅವನ ಮೇಲೆ ಬಿದ್ದರು. ಎಲ್ಲಿಗೆ ಹೋಗಿದ್ದೆ, ಹೊಸ ಡ್ರೈವರು ಪಾಪ ನಿನಗಾಗಿ ಕಾಯುತ್ತಿದ್ದಾನೆ ಎಂದರು. ಅವನು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಇದು ಸರ್ವಿಸ್ ಬಸ್ಸಲ್ಲ, ಎಲ್ಲರೂ ಇಳಿಯಬೇಕು ಎಂದು ಹೇಳಲು ಮೊದಲ ಸಾಲಿಗೆ ತಿರುಗಿದ. ತಿರುಗಿದವನು ಅಲ್ಲೇ ನಿಂತುಬಿಟ್ಟ. ಟೊಪ್ಪಿಗೆ ಎದೆಗೆ ಬಂತು.

ಕೆಸುವಿನ ಬುಟ್ಟಿಯ ಮುದುಕಿ ಅವನ ಅತ್ತೆ.

ದಿನಾ ಐದು ಸಲ ಹೊಡೆದು ಓಡಿಹೋಗುತ್ತಾನೆ, ಒಂದು ದಿನವಾದರೂ ನಿಲ್ಲಿಸಿ ಹತ್ತಿಸಿಕೊಂಡಿದ್ದಾನೆಯೇ ಎಂದು ಆಕೆ ಇಡೀ ಬಸ್ಸಿಗೆ ಕೇಳಿಸುವಂತೆ ಹೇಳಿದಳು. ನನ್ನ ಕಡೆ ಕೈ ತೋರಿಸಿ, ಈತ ಎಲ್ಲಿಂದ ಬಂದನೋ ಏನೋ, ಎರಡೇ ಹೊಡೆದ, ಬಾಗಿಲು ತೆರೆದ, ಮಾತಾಡಿಸಿದ ಎಂದಳು. ಅಳಿಯ ಟೊಪ್ಪಿಗೆಯನ್ನು ಮತ್ತೆ ತಲೆಗೆ ಇಟ್ಟ. ಯಾರೂ ಇಳಿಯುವುದು ಬೇಡ ಎಂದ. ನಮ್ಮವರು ಇದ್ದಬದ್ದ ನಾಲ್ಕು ಸೀಟಿನಲ್ಲಿ ಒತ್ತಿಕೊಂಡು ಕೂತರು. ಮೈಸೂರಿನ ಅಮ್ಮ ಅತ್ತೆಯ ಪಕ್ಕ ಜಾಗ ಮಾಡಿಸಿಕೊಂಡು ಕೆಸುವಿನ ಎಲೆಯ ಪತ್ರೊಡೆ ಮಾಡುವುದನ್ನು ಹೇಳಿಕೊಡಲು ಶುರುಮಾಡಿದರು. ಕೇಕಿನ ಡಬ್ಬಿ ಎಂಜಿನಿಯರನ ತೊಡೆಯ ಮೇಲೆ ಬಂತು, ಬಾಳೆಗೊನೆ ಒಟ್ಟಾವಾದವರ ನಡುವೆ ಕೂತಿತು. ನಾನು ನನ್ನವಳಿಗೆ ಸೀಟು ಬಿಟ್ಟು ಕಂಬಿ ಹಿಡಿದು ನಿಂತೆ.

ಹಳದಿ ಮನೆಯ ಹತ್ತಿರ ಅತ್ತೆ ತಗಡು ತಟ್ಟಿ ಇಳಿದಳು. ಇಳಿಯುವಾಗ ಅಳಿಯನನ್ನು ಬಿಟ್ಟು ನನಗೆ ಥ್ಯಾಂಕ್ಯೂ ಡ್ರೈವರ್ ಎಂದಳು. ಆಗ ನನ್ನವಳಿಗೆ ತಡೆಯಲಾಗಲಿಲ್ಲ, ಸೀರೆಯ ಸೆರಗಿಲ್ಲದ ಕಾರಣ ಶಾಲು ಬಾಯಿಗೆ ಒತ್ತಿಕೊಂಡು ನಕ್ಕಳು. ಧೈರ್ಯ ಮಾಡಿ ಬಗ್ಗಿ ಹೇಳಿದೆ.

"ಡ್ರೈವರ್‌ಗ ಒಂದ ಮಾತೂ ಆಡಿಲ್ಲ ನಾ. ಬೇಕಾರ ಕೇಳು."

"ಗೊತ್ತೈತಿ," ಎಂದಳು. ನಗು ನಿಂತಿತ್ತು. "ಮೆಟ್ಟಲಾ ಹತ್ತಿ ಬಂದಾಗ ನಿಮ್ಮ ಮಾರಿ ನೋಡಿದೆ. ಇಷ್ಟ ವರ್ಷದಾಗ ಮನ್ಯಾಗ ಆ ಮಾರಿ ನೋಡೇ ಇಲ್ಲ ನಾ. ನೀವು ಬಸ್ಸಿನ್ಯಾಗ ಹಿಂಗಿರ್ತೀರಂತ ನನಗ ಯಾರೂ ಹೇಳಿದ್ದಿಲ್ಲ."

ಕಂಬಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ. ಇಪ್ಪತ್ತೆರಡು ವರ್ಷದಲ್ಲಿ ಆಕೆ ಒಮ್ಮೆಯೂ ನನ್ನ ಬಸ್ಸು ಹತ್ತಿರಲಿಲ್ಲ. ಆಕೆಯ ಕಾರ್ಖಾನೆ ಒಂದು ದಿಕ್ಕು, ನನ್ನ ರೂಟು ಇನ್ನೊಂದು. ಆಕೆ ಪಿನ್ನುಗಳ ಮಾತು ತೆಗೆದು, ತಂಗಿಗೆ ಬೇರೆ ನಕಾಶೆ ಕೊಡಿಸಿದರಾಯಿತು ಎಂದಳು. ಒಂದೇ ಒಂದು ಹೊಸ ಕರಾರು, ಜೂನ್ ಬರುವ ಮೊದಲು ಒಂದು ದಿನ ನನ್ನ ಬಸ್ಸಿನಲ್ಲಿ ಮೊದಲ ಸ್ಟಾಪಿನಿಂದ ಕೊನೆಯವರೆಗೆ ಕೂರಬೇಕಂತೆ.

ಹಿಂದಿನ ಸೀಟು

ಮಾರ್ಚಿನ ಒಂದು ಶನಿವಾರ ಬೆಳಿಗ್ಗೆ ನನ್ನ ರೂಟಿನ ಮೊದಲ ಸ್ಟಾಪಿನಲ್ಲಿ ಆಕೆ ನಿಂತಿದ್ದಳು. ಒಳ್ಳೆಯ ಕೋಟು, ಮದುವೆಗೆ ಹೊರಟಂತೆ ಕಿವಿಯಲ್ಲಿ ಮುತ್ತು. ಬಾಗಿಲು ತೆರೆದೆ. ಗುಡ್ ಮಾರ್ನಿಂಗ್, ಡ್ರೈವರ್ ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿ ಹತ್ತಿದಳು. ನಾನು ತಿರುಗಿ ಗುಡ್ ಮಾರ್ನಿಂಗ್ ಎಂದೆ. ಆಮೇಲೆ ಇಷ್ಟು ದಿನ ಕಾಯ್ದಿಟ್ಟಿದ್ದನ್ನು ಹೇಳಿದೆ.

"ಇನ್ನ ಇಳಿಯೂತನಕ ಡ್ರೈವರ್‌ಗ ಒಂದ ಮಾತೂ ಇಲ್ಲ."

"ನಾ ಏನ ನಿಮ್ಮಂಗೇನು?" ಎಂದು ನನ್ನ ಹಿಂದಿನ ಸೀಟಿನಲ್ಲಿ ಪರ್ಸು ತೊಡೆಯ ಮೇಲಿಟ್ಟುಕೊಂಡು ಕೂತಳು.

ರಸ್ತೆಯ ಬದಿಗೆ ಕಪ್ಪಾದ ಹಿಮ, ಬಸ್ಸಿನಲ್ಲಿ ಆರೇಳು ಜನ. ನಾನು ಎಂದಿಗಿಂತ ನಾಜೂಕಾಗಿ ಬಸ್ಸು ಎತ್ತಿದೆ. ಎರಡನೆಯ ಸ್ಟಾಪು ದಾಟಿತು, ಮೂರನೆಯದು ದಾಟಿತು, ಆಕೆ ಮಾತಾಡಲಿಲ್ಲ. ಪರವಾಗಿಲ್ಲ, ಮುಚ್ಚಳ ಗಟ್ಟಿಯಿದೆ ಎಂದುಕೊಂಡೆ. ನಾಲ್ಕನೆಯ ಸ್ಟಾಪಿನ ಮುಂಚೆ ದೂರದಲ್ಲಿ ಸಿಗ್ನಲ್ಲು ಹಳದಿಯಾಯಿತು.

"ರೀ, ರೆಡ್ ಬರ್ತೈತಿ, ಸಾವಕಾಶ," ಎಂದಿತು ಹಿಂದಿನಿಂದ ಒಂದು ದನಿ.

ಮೆಲ್ಲಗೆ ನಿಲ್ಲಿಸಿ, ಒಳಗಿನ ಕನ್ನಡಿಯಲ್ಲಿ ನೋಡಿದೆ. ಆಕೆ ಏನೂ ಆಗದವಳಂತೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಬಲಗಾಲು ಮಾತ್ರ ನೆಲವನ್ನು ಒತ್ತಿ ಹಿಡಿದಿತ್ತು.